ಬೆಳೆಯುವ ಕಾಲಿಗೆ ಬಿತ್ತುವಟ್ಟ

ದಾನವೆಂದರೇನು ಎಂಬ ಪ್ರಶ್ನೆಗೆ ನಮ್ಮ ಧರ್ಮಶಾಸ್ತ್ರಕಾರರು ಕೊಟ್ಟ ಉತ್ತರ ಬಹಳ ಖಚಿತವಾದುದು: ಒಂದು ವಸ್ತುವಿನ ಮೇಲಿನ ತನ್ನ ಸ್ವತ್ವವನ್ನು ನೀಗಿಕೊಂಡು ಅದರಲ್ಲಿ ಪರರ ಸ್ವತ್ವವನ್ನು ಉಂಟುಮಾಡುವುದೇ ದಾನ. ಧಾರೆಯ ನೀರು ಕೈಯಿಂದ ಇಳಿದೊಡನೆ ಗೋವಾಗಲಿ ಭೂಮಿಯಾಗಲಿ ಕೊಟ್ಟವನಿಗೆ ಹೊರತಾಯಿತು. ‘ನನ್ನದಲ್ಲ’ ಎಂದವನು ಮರಳಿ ಅದರ ಗೊಡವೆಗೆ ಹೋಗತಕ್ಕದ್ದಲ್ಲ. ದಾತೃವಿನ ಅಹಂಕಾರವನ್ನು ಅಡಗಿಸುವುದಕ್ಕೆ ಇದಕ್ಕಿಂತ ಸೊಗಸಾದ ಕಟ್ಟಳೆಯಿಲ್ಲವೆಂಬುದನ್ನು ನಾನೂ ಒಪ್ಪುವೆನು. ಆದರೆ ಕೊಡುವ ವಸ್ತು ಕೃತಕ ಕಾಲಾಗಿ, ಕೊಳ್ಳುವ ಪಾತ್ರ ಆರು ವರ್ಷದ ಮಗುವಾದಾಗ ಈ ಲಕ್ಷಣವು ನಿಲ್ಲುವುದೆ?

ಮಗು ಬೆಳೆಯುತ್ತದೆ, ಕಾಲು ಬೆಳೆಯುವುದಿಲ್ಲ. ವರ್ಷವೊಂದು ಕಳೆಯುವಷ್ಟರಲ್ಲಿ ಮೋಟುಗಾಲು ಕೂರುವ ಸಾಕೆಟ್ ಬಿಗಿಯಾಗಿ ಚರ್ಮ ಕೆರೆದು ಹುಣ್ಣಾಗುತ್ತದೆ, ಎತ್ತರ ಸಾಲದೆ ಸೊಂಟ ವಾಲುತ್ತದೆ. ಕೆಲವು ಮಕ್ಕಳಲ್ಲಿ ಕತ್ತರಿಸಿದ ಮೂಳೆಯ ತುದಿಯು ಮೇಲಿನ ಚರ್ಮವನ್ನು ಮೀರಿ ಬೆಳೆದು ಮತ್ತೆ ಶಸ್ತ್ರಚಿಕಿತ್ಸೆಯನ್ನೇ ಬೇಡುವುದುಂಟು. 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮರೂ ವೈದ್ಯ ಪ್ರಮೋದ ಕರಣ ಸೇಠಿಯವರೂ ಸೇರಿ ರೂಪಿಸಿದ ಜೈಪುರ ಕಾಲು, ಬರಿಗಾಲಲ್ಲಿ ನಡೆಯುವ, ಕುಕ್ಕರುಗಾಲಲ್ಲಿ ಕೂರುವ ನಮ್ಮ ಜನರ ಬದುಕಿಗೆ ಒಗ್ಗಿದ ಅಗ್ಗದ ಸಾಧನವಾಗಿ ಲೋಕಪ್ರಸಿದ್ಧವಾಯಿತು. ಆದರೂ ಬಡತನಕ್ಕೆ ಉತ್ತರವಾದ ಆ ಅಗ್ಗತನವು ಬೆಳವಣಿಗೆಗೆ ಉತ್ತರವಾಗಲಾರದು.

ಬೆಂಗಳೂರಿನ ಹೊರವಲಯದಲ್ಲಿ ಈ ಪ್ರಶ್ನೆ ಪುಸ್ತಕದ್ದಾಗಿ ಉಳಿಯುವುದಿಲ್ಲ. ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕೆಂದು 2013ರ ಕಂಪನಿ ಕಾಯಿದೆ ವಿಧಿಸಿರುವ ದೊಡ್ಡ ಸಂಸ್ಥೆಗಳಿವೆ. ಸಂಬಳದಲ್ಲಿ ಇಷ್ಟೆಂದು ಮುರಿಸಿಕೊಡುವ, ಭಾನುವಾರ ಬೆಳಗ್ಗೆ ಓಡಿ ಹಣ ಕೂಡಿಸುವ ಸಹೃದಯರಾದ ತರುಣರೂ ಇದ್ದಾರೆ. ಪೀಣ್ಯದಲ್ಲಿ ಪ್ರೆಸ್ಸು ಲೇತುಗಳ ನಡುವೆ ದುಡಿಯುವವರಿಗಂತೂ ಅಂಗವೆಂಬುದರ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜಿಗಣಿಯಲ್ಲಿ ಕೃತಕ ಅಂಗಗಳನ್ನು ತಯಾರಿಸುವ ಕೇಂದ್ರ ಸರ್ಕಾರದ ಅಲಿಂಕೋ ಸಂಸ್ಥೆಯ ಘಟಕವಿದೆ, 1994ರಲ್ಲಿ ಆರಂಭವಾದ, ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ ಸಂಸ್ಥೆ ಕೃತಕ ಅಂಗಗಳನ್ನು ಕೂಡಿಸುವುದಲ್ಲದೆ ಆ ಕಸುಬನ್ನು ಕಲಿಸುತ್ತಲೂ ಬಂದಿದೆ. ಹಣವುಂಟು, ಕರುಣೆಯುಂಟು, ಕೈಗಾರಿಕೆಯೂ ಉಂಟು. ಆದರೆ ಹಣವು ಬರುವುದು ಮೊದಲ ಕಾಲಿಗೆ. ಎದ್ದು ನಿಂತ ಮಗುವಿನ ಚಿತ್ರಕ್ಕೆ ಕರಗುವ ಮನಸ್ಸು ಅದೇ ಮಗುವಿನ ನಾಲ್ಕನೆಯ ಸಾಕೆಟ್ಟಿಗೆ ಕರಗುವುದು ಅಪರೂಪ. (ಆ ಚಿತ್ರಕ್ಕಾಗಿ ಮಗುವಿನ ಮೋಟುಗಾಲನ್ನು ವೇದಿಕೆಯ ಮೇಲೆ ತೋರಿಸಬೇಕೆ ಎಂಬುದು ಬೇರೆಯೇ ಮಾತು, ಕೊಡುವಾಗ ಕೊಡುವವನೇ ನಾಚಬೇಕೆಂದು ಉಪನಿಷತ್ತಿನ ಆಚಾರ್ಯ ಹೇಳಿದನೇ ಹೊರತು ಕೊಳ್ಳುವವನು ನಾಚಬೇಕೆಂದಲ್ಲ.) ಆ ಕಂಪನಿ ಕಾನೂನಾದರೂ ಬಹುವಾರ್ಷಿಕ ಯೋಜನೆಗೆ, ಆರಂಭದ ವರ್ಷವನ್ನು ಬಿಟ್ಟು, ಮೂರು ವರ್ಷಗಳ ಮಿತಿಯನ್ನು ಹಾಕಿದೆ. ಮಗುವಿನ ಎಲುಬಿಗೆ ಆ ಮಿತಿ ತಿಳಿಯದು.

ಆದುದರಿಂದ ಇದನ್ನು ದಾನದ ಗಣಕ್ಕೆ ಸೇರಿಸುವುದಕ್ಕಿಂತ, ಕೆರೆ ಬಾವಿ ತೋಪುಗಳನ್ನು ಮಾಡಿಸುವ ಪೂರ್ತಧರ್ಮದ ಗಣಕ್ಕೆ ಸೇರಿಸುವುದು ಯುಕ್ತವೆಂದು ನನಗೆ ತೋರುತ್ತದೆ. ಕೆರೆಯನ್ನು ಕಟ್ಟಿಸಿದವನ ಕೆಲಸ ಕಟ್ಟಿದೊಡನೆ ಮುಗಿಯುವುದಿಲ್ಲ. ಹೂಳು ತುಂಬುತ್ತದೆ, ತೂಬು ಕೆಡುತ್ತದೆ, ಏರಿ ಕುಸಿಯುತ್ತದೆ. ಇದನ್ನು ಬಲ್ಲ ನಮ್ಮ ಹಿರಿಯರು ಕೆರೆಯೊಡನೆ ಅದರ ಪೋಷಣೆಗಾಗಿ ಬಿತ್ತುವಟ್ಟವೆಂದು ಭೂಮಿಯನ್ನು ಬಿಡುತ್ತಿದ್ದರು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಲ್ಲಿ ಅನೇಕರು ದಿನವೂ ಹಾದುಹೋಗುವ ಅಗರದಲ್ಲಿಯೇ, ಗಂಗರ ಕಾಲದ ಒಂದು ಶಾಸನವು ಕೆರೆಗಳಿಗೆ ತೂಬಿಡಿಸಿ ಹೊಸ ಕೆರೆಯನ್ನೂ ಕಟ್ಟಿಸಿದವನಿಗೆ ಬಿತ್ತುವಟ್ಟವು ಸಂದುದನ್ನು ಹೇಳುತ್ತದೆ. ಇಲ್ಲಿ ‘ನನ್ನದಲ್ಲ’ ಎಂಬ ತ್ಯಾಗವಿದೆ, ಆದರೆ ಗೊಡವೆ ಬಿಡುವ ಸ್ವಾತಂತ್ರ್ಯವಿಲ್ಲ.

ಆಶ್ಚರ್ಯವೆಂದರೆ ಈ ತತ್ತ್ವವು ಪುರಾಣಪ್ರವಚನಗಳಿಗಿಂತ ಒಂದು ಸರ್ಕಾರಿ ನಿಯಮದಲ್ಲಿ ಸ್ಪಷ್ಟವಾಗಿ ಕಾಣುವುದು: ಅಂಗವಿಕಲರಿಗೆ ಸಾಧನಗಳನ್ನು ಕೊಡಿಸುವ, 1981ರಿಂದ ನಡೆದುಬಂದ ಕೇಂದ್ರದ ಎಡಿಐಪಿ ಯೋಜನೆಯು, ಒಮ್ಮೆ ಸಾಧನ ಪಡೆದವರು ಅದೇ ಉದ್ದೇಶಕ್ಕಾಗಿ ಮೂರು ವರ್ಷಗಳವರೆಗೆ ಮತ್ತೆ ನೆರವು ಕೇಳಬಾರದೆಂದು ವಿಧಿಸಿ, 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಆ ಅವಧಿಯನ್ನು ಒಂದೇ ವರ್ಷಕ್ಕಿಳಿಸಿದೆ. ಇದನ್ನು ಬರೆದ ಗುಮಾಸ್ತನಿಗೆ ಮಕ್ಕಳಿದ್ದಿರಬೇಕು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಕೂಡಿದ ಹಣವು ಈ ವರ್ಷ ನೂರು ಮಕ್ಕಳಿಗೆ ಒಂದೊಂದು ಕಾಲನ್ನು ಕೊಡಬಲ್ಲುದಾದರೆ, ಅವರು ಬೆಳೆದು ದೊಡ್ಡವರಾಗುವವರೆಗೆ ನಡೆಸುವುದಾದಲ್ಲಿ ಎಂಟು ಹತ್ತು ಮಕ್ಕಳಿಗಷ್ಟೇ ಸಾಕಾದೀತು. ಉಳಿದವರನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವ ಅಧಿಕಾರ ಯಾರಿಗಿದೆ? ನಾನಾದರೆ ಕೆಲವರನ್ನೇ ಕಡೆಯವರೆಗೆ ನಡೆಸುವ ಪಕ್ಷದವನು. ಒಂದು ವರ್ಷ ನಡೆದು ಮತ್ತೆ ನೆಲ ಹಿಡಿದ ಮಗುವಿಗೆ ಎರಡನೆಯ ನಷ್ಟವು ಮೊದಲನೆಯದಕ್ಕಿಂತ ಚೆನ್ನಾಗಿ ತಿಳಿಯುತ್ತದೆಂಬುದೇ ನನ್ನ ಕಾರಣ. ಆದರೆ ಬಾಗಿಲಲ್ಲಿ ನಿಂತ ತಾಯಿಯೊಬ್ಬಳ ಮುಂದೆ ಈ ಕಾರಣವನ್ನು ಹೇಳುವ ಧೈರ್ಯ ನನಗಿಲ್ಲ.