ದುರಸ್ತಿಗೊಂಡ ಕೋವಿ ಮತ್ತು ಅವಯವಿಯ ಪ್ರಶ್ನೆ

ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಒಕ್ಕದ (ಕುಲದ) ಮೂಲಮನೆಗಳಲ್ಲಿ, ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದಂದು ತೋಕ್‌ಪೂ ಎಂಬ ಹೂವಿನಿಂದ ಅಲಂಕರಿಸಿ ಪೂಜಿಸಲ್ಪಡುವ ಹಳೆಯ ಬೇಟೆಕೋವಿಯ ಮರದ ಹಿಡಿ ಸೀಳಿ, ಸ್ಪ್ರಿಂಗ್ ಮುರಿದು, ತಯಾರಿಸಿದ ಕಂಪನಿಯೇ ಮುಚ್ಚಿಹೋಗಿರುವುದರಿಂದ ಅದೇ ಮಾದರಿಯ ಇನ್ನೊಂದು ಕೆಟ್ಟ ಕೋವಿಯಿಂದ ಭಾಗಗಳನ್ನು ಕಳಚಿ ತಂದು ಜೋಡಿಸಿದಾಗ, ಪೂಜೆ ಸಲ್ಲುವುದು ಅಜ್ಜನ ಕೋವಿಗೋ ಬೇರೊಂದಕ್ಕೋ ಎಂಬ ಪ್ರಶ್ನೆ ಏಳುತ್ತದೆ.

ಇದಕ್ಕೆ ನ್ಯಾಯ-ವೈಶೇಷಿಕ ದಾರ್ಶನಿಕರ ಉತ್ತರ ಕಠಿಣವಾದುದು. ಅವರ ಪ್ರಕಾರ ಅವಯವಿ, ಎಂದರೆ ಇಡಿಯಾದ ವಸ್ತು, ತನ್ನ ಅವಯವಗಳ ಮೊತ್ತವಲ್ಲ. ಅವುಗಳಲ್ಲಿ ಸಮವಾಯವೆಂಬ ಬೇರ್ಪಡಿಸಲಾಗದ ಸಂಬಂಧದಿಂದ ನೆಲೆಸಿರುವ ಪ್ರತ್ಯೇಕ ದ್ರವ್ಯ. ಆದ್ದರಿಂದ ಒಂದು ಭಾಗ ಕಳಚಿದೊಡನೆ ಹಳೆಯ ಅವಯವಿ ನಾಶವಾಗಿ, ಉಳಿದ ಭಾಗಗಳಿಂದ ಹೊಸತೊಂದು ಹುಟ್ಟುತ್ತದೆ. 'ಅದೇ ಇದು' ಎಂಬ ಗುರುತಿಸುವಿಕೆ, ಅಂದರೆ ಪ್ರತ್ಯಭಿಜ್ಞೆ, ಇಲ್ಲಿ ಸಾಜಾತ್ಯವನ್ನು, ಎಂದರೆ ಒಂದೇ ಬಗೆಯದಾಗಿರುವುದನ್ನು, ಅಷ್ಟೇ ಆಧರಿಸಿದೆ. ಈ ಲೆಕ್ಕದಲ್ಲಿ ಒಂದು ತಿರುಪು ಬದಲಾದರೂ ಪಿತ್ರಾರ್ಜಿತ ಅಳಿದಂತೆಯೇ, ಇದನ್ನು ಯಾವ ಒಕ್ಕವೂ ಒಪ್ಪಲಾರದು. ಮಿಲಿಂದ ರಾಜನೊಡನೆ ರಥವನ್ನು ಕುರಿತು ವಾದಿಸಿದ ಬೌದ್ಧ ಭಿಕ್ಷು ನಾಗಸೇನನಿಗೆ ಈ ತೊಡಕಿಲ್ಲ, ಏಕೆಂದರೆ ಅವನಿಗೆ ರಥವೆಂಬುದು ಭಾಗಗಳನ್ನು ಆಶ್ರಯಿಸಿದ ವ್ಯವಹಾರನಾಮ ಮಾತ್ರ.

1959ರ ಶಸ್ತ್ರಾಸ್ತ್ರ ಕಾಯ್ದೆಯಾದರೋ ತಯಾರಕನ ಹೆಸರು, ಸಂಖ್ಯೆಗಳ ಮುದ್ರೆಯಿಂದ ಕೋವಿಯನ್ನು ಗುರುತಿಸುತ್ತದೆ. ಪೂಜೆಯ ದೃಷ್ಟಿ ಬೇರೆ: ಅಲ್ಲಿ ಕೋವಿಯ ಏಕತೆ ಇರುವುದು ಲೋಹದಲ್ಲಲ್ಲ, ತಲೆಮಾರುಗಳ ಸ್ವೀಕಾರದಲ್ಲಿ ಎನ್ನುವುದು ಹೆಚ್ಚು ಸಮರ್ಪಕ. ಆದರೆ ಕಳಚಿದ ಹಳೆಯ ಹಿಡಿಯನ್ನು ಎಸೆಯದೆ ಕಾಪಿಟ್ಟು, ಮುಂದೆ ಅದರಿಂದಲೇ ದಾಯಾದಿಯೊಬ್ಬ ಮತ್ತೊಂದು ಕೋವಿ ಕಟ್ಟಿಸಿದರೆ, ಈ ವಾದಕ್ಕೂ ಇಬ್ಬರು ಹಕ್ಕುದಾರರು ಎದುರಾಗುತ್ತಾರೆ.