ಕುಂಬಾರನ ಕತ್ತೆ ಮತ್ತು ಮಳೆ

ಬಿತ್ತಿ ವಾರಗಳು ಕಳೆದರೂ ಹನಿ ಬೀಳದಿದ್ದರೆ ರೋಣ, ನರಗುಂದ, ಗಜೇಂದ್ರಗಡದ ಕಡೆ ಹಳ್ಳಿಗಳಲ್ಲಿ ಗುರ್ಜಿ ಹೊರಡುತ್ತದೆ. ರೊಟ್ಟಿ ಹೆಂಚಿನ ಮೇಲೆ ಸಗಣಿಯ ಗುರ್ಜಿ ಕೂರಿಸಿ, ಗರಿಕೆ ಸಿಕ್ಕಿಸಿ, ಹುಡುಗನೊಬ್ಬನ ತಲೆಯ ಮೇಲೆ ಹೊರಿಸುತ್ತಾರೆ. ಮನೆಮನೆಯ ಮುಂದೆ ಅವನು ಗಿರಗಿರ ತಿರುಗುತ್ತಾನೆ. ಹೆಣ್ಣುಮಕ್ಕಳು ಕೊಡದಿಂದ ನೀರು ಸುರಿದಂತೆ ಹೆಂಚಿನ ಅಂಚಿನಿಂದ ಹನಿಗಳು ಸುತ್ತಲೂ ಸಿಡಿಯುತ್ತವೆ, ಹುಡುಗ ತೊಯ್ದು ತೊಪ್ಪೆಯಾಗುತ್ತಾನೆ. ಮನೆಗಳಿಂದ ಬಂದ ಹಿಟ್ಟು, ಕಾಳುಕಡಿ ಕೂಡಿಸಿ ಅಡಿಗೆ ಮಾಡಿ ಎಲ್ಲರೂ ಉಣ್ಣುತ್ತಾರೆ. ಕೆಲವು ಊರುಗಳಲ್ಲಿ ಕತ್ತೆಗಳಿಗೆ ಮದುವೆಯನ್ನೂ ಮಾಡುತ್ತಾರೆ. ಎರೆ ಹೊಲದಲ್ಲಿ ಹೆಸರಿನ ಬೆಳೆ ಬಾಡುವುದನ್ನು ಕಂಡವರು ಇದನ್ನು ನೋಡಿ ನಗಲಾರರು.

ಮಳೆ ಬಂದ ಮರುದಿನ ಕಟ್ಟೆಯ ಮೇಲೆ ಕೇಳುವ ಮಾತು ಮಾತ್ರ ನನ್ನನ್ನು ಯೋಚನೆಗೆ ಹಚ್ಚುತ್ತದೆ: ‘ಗುರ್ಜಿ ಆಡಿದ್ವಿ, ಅದಕ್ಕ ಮಳಿ ಬಂತು.’ ಆ ‘ಅದಕ್ಕ’ ಎಂಬ ಒಂದು ಮಾತಿನ ಮೇಲೆ ತರ್ಕ ಪಂಡಿತರಾದ ನಮ್ಮ ನೈಯಾಯಿಕರು ಶತಮಾನಗಳ ಕಾಲ ತಲೆ ಕೆಡಿಸಿಕೊಂಡಿದ್ದಾರೆ. ಒಂದರ ಹಿಂದೆ ಇನ್ನೊಂದು ನಡೆದರೆ ಮೊದಲಿನದು ಕಾರಣವಾಗಿಬಿಡುತ್ತದೆಯೇ? ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದದ್ದನ್ನು ಕಾಕತಾಳೀಯ ಎಂದು ನಾವು ಇಂದಿಗೂ ಅನ್ನುತ್ತೇವೆ. ನ್ಯಾಯಶಾಸ್ತ್ರದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಮಾತಿದೆ: ಅನ್ಯಥಾಸಿದ್ಧ. ಕುಂಬಾರ ಕತ್ತೆಯ ಮೇಲೆ ಮಣ್ಣು ಹೇರಿಕೊಂಡು ಬಂದು ಗಡಿಗೆ ಮಾಡಿದ. ಗಡಿಗೆಗಿಂತ ಮೊದಲು ಕತ್ತೆ ಅಲ್ಲಿತ್ತು, ನಿಜ. ಆದರೆ ಮಣ್ಣು ಚಕ್ಕಡಿಯಲ್ಲಿ ಬಂದಿದ್ದರೂ ಗಡಿಗೆ ಆಗುತ್ತಿತ್ತು. ಆದ್ದರಿಂದ ಕತ್ತೆ ಗಡಿಗೆಗೆ ಕಾರಣವಲ್ಲ. ಅದು ಇದ್ದಾಗ ಇದು ಇರುತ್ತದೆಯೇ, ಅದು ಇಲ್ಲದಾಗ ಇದೂ ಇರುವುದಿಲ್ಲವೇ ಎಂದು ಎರಡೂ ಕಡೆಯಿಂದ ನೋಡುವುದೇ ಅನ್ವಯ-ವ್ಯತಿರೇಕದ ಪರೀಕ್ಷೆ. ಗುರ್ಜಿ ಆಡಿಯೂ ಮಳೆ ಕೈಕೊಟ್ಟ ವರ್ಷಗಳು, ಆಡದೆಯೂ ಹೊಲ ಹಸಿಯಾದ ವರ್ಷಗಳು ಯಾವ ಹಿರಿಯರನ್ನು ಕೇಳಿದರೂ ನೆನಪಿಗೆ ಬರುತ್ತವೆ.

ಇಷ್ಟಕ್ಕೇ ನಿಂತರೆ ನ್ಯಾಯಶಾಸ್ತ್ರ ಬರೀ ಮೂಢನಂಬಿಕೆಯ ಖಂಡನೆಯಾಗುತ್ತಿತ್ತು. ಅದು ಮುಂದೆ ಹೋಗುತ್ತದೆ. ನೈಯಾಯಿಕರ ಮೆಚ್ಚಿನ ಉದಾಹರಣೆ ಬಟ್ಟೆ. ಗಜೇಂದ್ರಗಡದಲ್ಲಿ ಪಟ್ಟೇದ ಅಂಚಿನ ಸೀರೆ ನೇಯುವ ಮಗ್ಗದ ಮುಂದೆ ಕುಳಿತರೆ ಆ ಪಾಠ ಕಣ್ಣೆದುರೇ ನಡೆಯುತ್ತದೆ. ನೂಲು ಸಮವಾಯಿ ಕಾರಣ. ಹಾಸು-ಹೊಕ್ಕು ಒಂದಕ್ಕೊಂದು ಕೂಡುವುದು ಅಸಮವಾಯಿ ಕಾರಣ. ನೇಕಾರ, ಮಗ್ಗ, ಲಾಳಿ ಇವೆಲ್ಲ ನಿಮಿತ್ತ ಕಾರಣ. ಎಲ್ಲ ಸೇರಿದ್ದಕ್ಕೆ ಸಾಮಗ್ರಿ ಎಂದು ಹೆಸರು. ಸಾಮಗ್ರಿ ಪೂರ್ತಿಯಾದರೆ ಮಾತ್ರ ಕಾರ್ಯ. ಎಂಥ ನೂಲಿದ್ದರೂ ಲಾಳಿ ಓಡದಿದ್ದರೆ ಸೀರೆ ಇಲ್ಲ.

ಹೀಗೆ ನೋಡಿದರೆ ಒಂದೇ ಮದ್ದಿನ ಆಸೆ ದೇವರ ಮನೆಯಲ್ಲಿ ಮಾತ್ರ ಇಲ್ಲ, ಸರ್ಕಾರಿ ಕಡತದಲ್ಲೂ ಇದೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ 37.73 ಟಿಎಂಸಿ ಹಿಡಿಯುವ ಅಣೆಕಟ್ಟು ಕಟ್ಟಿದಾಗ, ಕಾಲುವೆ ಬಂತು, ಬಡತನ ಹೋಯಿತು ಎಂದೇ ನಂಬಿಸಲಾಯಿತು. ಕಾಲುವೆ ಒಂದು ಎಳೆ. ಕೊನೆಯ ಹೊಲಕ್ಕೂ ನೀರು ಮುಟ್ಟಬೇಕಿತ್ತು, ಹೆಚ್ಚಾದ ನೀರು ಬಸಿದು ಹೋಗಬೇಕಿತ್ತು, ಬೆಳೆಗೆ ಬೆಲೆ ಸಿಗಬೇಕಿತ್ತು. ಕೆಲವರ ಹೊಲಕ್ಕೆ ನೀರೇ ಹರಿಯಲಿಲ್ಲ. ಕೆಲವರ ಎರೆ ಭೂಮಿ ನೀರು ಕುಡಿದು ಸವಳು-ಜವಳಾಯಿತು. ಮೇಲೆ ಅಭಿವೃದ್ಧಿ ಕರ. 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಬೀದಿಗಿಳಿದರು. ಗೋಲಿಬಾರಿನಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಪ್ರಾಣಬಿಟ್ಟರು. ಮಹದಾಯಿ ನೀರಿಗಾಗಿ 2015ರಲ್ಲಿ ನರಗುಂದದಲ್ಲೇ ಮತ್ತೆ ಧರಣಿ ಶುರುವಾಯಿತು. 2018ರ ಆಗಸ್ಟ್ 14ರ ತೀರ್ಪಿನಲ್ಲಿ ಮಹದಾಯಿ ನ್ಯಾಯಮಂಡಳಿ ಕಳಸಾ-ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ 3.9 ಟಿಎಂಸಿ ತಿರುಗಿಸಲು ಒಪ್ಪಿತು. ಆ ನೀರು ಬರಲೇಬೇಕು, ನಮ್ಮ ಹಕ್ಕು ಅದು. ಆದರೆ ಅದು ಬಂದ ದಿನವೂ ಬದು, ಬಸಿಗಾಲುವೆ, ಕೃಷಿಹೊಂಡದ ಕೆಲಸ ಬಾಕಿ ಇರುತ್ತದೆ.

2019ರ ಜೂನ್ 6ರಂದು ಮುಜರಾಯಿ ಇಲಾಖೆಯ ಸೂಚನೆಯಂತೆ ದೇವಸ್ಥಾನಗಳಲ್ಲಿ ಮಳೆಗಾಗಿ ವಿಶೇಷ ಪೂಜೆ ನಡೆಯಿತು. ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರಿನ ಮನೆಗಳಿಗೆ ನುಗ್ಗಿತು. ಜನ ಹಾಸಿಗೆ, ದನಕರು ಕಟ್ಟಿಕೊಂಡು ಊರು ಬಿಟ್ಟರು. ಆ ‘ಅದಕ್ಕ’ವನ್ನು ಒಪ್ಪುವವರು ಈ ನೆರೆಯನ್ನೂ ಪೂಜೆಯ ಲೆಕ್ಕಕ್ಕೇ ಬರೆಯಬೇಕಾಗುತ್ತದೆ. ಯಾವ ಭಕ್ತರೂ ಇದಕ್ಕೆ ಒಪ್ಪಲಾರರು. ಒಪ್ಪಬಾರದು ಕೂಡ. ಒತ್ತುವರಿಯಾಗಿ ಸೊರಗಿದ ನದಿಯ ಪಾತ್ರ, ಜಲಾಶಯದ ನೀರು ಬಿಟ್ಟ ರೀತಿ, ಘಟ್ಟದಂಚಿನ ಮಳೆ ಇವುಗಳನ್ನೆಲ್ಲ ವಿಚಾರಿಸಬೇಕಾದ ಜಾಗದಲ್ಲಿ ದೈವಕೋಪ ಎಂದುಬಿಟ್ಟರೆ ಉತ್ತರ ಕೊಡಬೇಕಾದವರು ಸುಮ್ಮನೆ ತಪ್ಪಿಸಿಕೊಳ್ಳುತ್ತಾರೆ.

ಹಾಗಾದರೆ ಪ್ರಾರ್ಥನೆಗೆ ಬೆಲೆಯೇ ಇಲ್ಲವೇ? ಇದೆ. ಬೆಳೆ ಹೋದವನನ್ನು ಒಬ್ಬಂಟಿಯಾಗಲು ಅದು ಬಿಡುವುದಿಲ್ಲ. ಗುರ್ಜಿಯ ದಿನ ಊರೆಲ್ಲ ಒಂದೇ ಒಲೆಯ ಅಡಿಗೆ ಉಣ್ಣುವುದು ಸಣ್ಣ ಮಾತಲ್ಲ. ಅದು ಮನಸ್ಸಿನ ಬರಕ್ಕೆ ಮದ್ದು. ಮೋಡದ ಮೇಲೆ, ಸಾಲದ ಬಡ್ಡಿಯ ಮೇಲೆ ಅದರ ಅಧಿಕಾರ ನಡೆಯುವುದಿಲ್ಲ.

ಈ ಸಲ ಗುರ್ಜಿ ನಿಮ್ಮ ಬಾಗಿಲಿಗೆ ಬಂದರೆ ಒಂದು ಕೊಡ ನೀರು ಹಾಕಿ, ಬೊಗಸೆ ತುಂಬ ಹಿಟ್ಟು ನೀಡಿ. ಮುಂದಿನ ಗ್ರಾಮಸಭೆಗೂ ಹೋಗಿ, ಊರ ಕೆರೆಯ ಹೂಳು ತೆಗೆದು ಎಷ್ಟು ವರ್ಷವಾಯಿತು ಎಂದು ಕೇಳಿ.