ಇಂದಿನ ಧಮ್ಮ ಚಿಂತನೆ: ಅಜ್ಜ ಕೇಳಿದ ನಿಯಮ



ಬಾಲಕ ರಾಹುಲನಿಗೆ ಪಬ್ಬಜ್ಜ ಕೊಟ್ಟಾಗ ಅಜ್ಜ ಶುದ್ಧೋದನ ನೊಂದುಕೊಂಡ. ತಂದೆ-ತಾಯಿಯ ಒಪ್ಪಿಗೆ ಇಲ್ಲದೆ ಇನ್ನು ಯಾವ ಮಗುವಿಗೂ ಕೊಡಬೇಡಿ ಎಂದು ಕೇಳಿಕೊಂಡ. 'ನನ್ನ ಮೇಲೆ ನಂಬಿಕೆ ಇಲ್ಲವೇ?' ಎಂದು ಭಗವಾನರು ಕೇಳಲಿಲ್ಲ. ಅದನ್ನೇ ವಿನಯದ ನಿಯಮ ಮಾಡಿದರು.

ನಮ್ಮ ಕೇರಿಯ ಮಕ್ಕಳು ಕಬಡ್ಡಿ ಪಂದ್ಯಕ್ಕೆ ಬೇರೆ ಊರಿಗೆ ಹೊರಟಾಗ, ರಾತ್ರಿ ಅವರ ಜೊತೆ ಯಾರಿರುತ್ತಾರೆ ಎಂದು ಕೇಳಿದೆ. 'ಕೋಚ್ ನಮ್ಮವರೇ ಅಲ್ವಾ ಮೇಷ್ಟ್ರೇ' ಎಂದರು. ನಮ್ಮವರಾದರೂ ಒಬ್ಬರೇ ಬೇಡ, ಇಬ್ಬರು ತಾಯಂದಿರೂ ಹೋಗಲಿ ಎಂದೆ. ಕೆಲವರು ಮುಖ ಸಿಂಡರಿಸಿದರು. ಆದರೂ ತಾಯಂದಿರು ಬಸ್ ಹತ್ತಿದರು.

ಮಗು ಇದ್ದಕ್ಕಿದ್ದಂತೆ 'ಆಟಕ್ಕೆ ಹೋಗಲ್ಲ' ಎಂದರೆ ಗದರಬೇಡಿ, ಪಕ್ಕ ಕೂತು ಕೇಳಿ. ಕೇರಿಯ ಮರ್ಯಾದೆ ಎಂದು ಮುಚ್ಚಿಡಬೇಡಿ. ಲೈಂಗಿಕ ದೌರ್ಜನ್ಯ ತಿಳಿದೂ ದೂರು ಕೊಡದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಮಕ್ಕಳ ಸಹಾಯವಾಣಿ: 1098.

ಜೈ ಭೀಮ್.